ಇಪ್ಪತ್ತನಾಲ್ಕು ಇಂಚು

ಆಗಸ್ಟ್ 11, ಭಾನುವಾರ

"ಕಣ್ಣು ಒಗ್ಗಿಕೊಳ್ಳುವುದು ಬೆಳಕಿಗಲ್ಲ" ಎಂದೇನೋ ಒಂದು ಸಾಲು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಪಾರ್ವತಿ ತಾನೇ ಬರೆದು ಓದಿ ಹೇಳುತ್ತಿದ್ದಳು. ಮುಂದೇನಿತ್ತು? "ಕತ್ತಲೆಗೆ" ಎಂದಿತ್ತೋ, "ಬೇರೆಯವರ ಬೆಳಕಿಗೆ" ಎಂದಿತ್ತೋ. ಕತ್ತಲೆಗೆ ಎಂದಿದ್ದರೆ ಅದು ಮಕ್ಕಳಿಗೂ ಗೊತ್ತಿರುವ ವಿಷಯ, ಕವಿತೆ ಬರೆಯುವ ಅಗತ್ಯವಿರಲಿಲ್ಲ. ಬೇರೆಯವರ ಬೆಳಕಿಗೆ ಎಂದಿದ್ದರೆ ಸುಳ್ಳು. ನನ್ನ ಕಣ್ಣು ಒಗ್ಗಿಲ್ಲ.

ಇವತ್ತೂ ದೇಚಮ್ಮ ಬಂದಿದ್ದಳು. ಸ್ಲೈಗೋದ ಆಸ್ಪತ್ರೆಯಲ್ಲಿ ನರ್ಸ್, ವಿರಾಜಪೇಟೆ ಕಡೆಯವಳು, ಇನ್ನೂ ನಲವತ್ತಾಗಿಲ್ಲ. ಈ ವರ್ಷದ ಯುಗಾದಿ ಊಟದಲ್ಲಿ ಉತ್ತಯ್ಯನಿಗೆ ಪರಿಚಯವಾದವಳು. ಅಲ್ಲಿಯವರೆಗೆ ಕೊಡವ ಭಾಷೆ ಆಡಲು ನನ್ನ ಗಂಡನಿಗೆ ಐರ್ಲೆಂಡಿನ ಈ ಅತ್ಲೋನ್‌ನಲ್ಲಿ ಒಬ್ಬರೂ ಇರಲಿಲ್ಲ. ನಾನಿದ್ದೆ, ಆದರೆ ನಾನು ಮೈಸೂರಿನವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವನ ಭಾಷೆ ಕೇಳಿದರೆ ನನಗೆ ಅರ್ಥವಾಗುತ್ತದೆ, ನಾನು ಆಡಿದರೆ ಅವನಿಗೆ ನಗು ಬರುತ್ತದೆ. ಅವಳೊಡನೆ ಮಾತಾಡುವಾಗ ಅವನ ದನಿ ಸ್ವಲ್ಪ ಕೆಳಗಿಳಿಯುತ್ತದೆ. ಹೀಗೊಂದು ದನಿ ಅವನಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಎಲ್ಲಕ್ಕೂ ಕಾರಣ ಆ ಕೋವಿ. ಪಕ್ಕದ ಮನೆಯ ನೋರೀನ್‌ಳ ಗಂಡ ಟಾಮ್ ತೀರಿಕೊಂಡ ಮೇಲೆ ಅವನ ಒಂಟಿನಳಿಕೆ ಕೋವಿ ಪೇಟೆಯ ಕೋವಿ ಅಂಗಡಿಯಲ್ಲಿ ಬಿದ್ದಿತ್ತು. ಉತ್ತಯ್ಯ ಇಲ್ಲಿಯ ಪೊಲೀಸರಾದ ಗಾರ್ಡಾಗೆ ಅರ್ಜಿ ಹಾಕಿದ, ತರಬೇತಿಗೆ ಹೋದ, ಗೋಡೆಗೆ ಉಕ್ಕಿನ ಸೇಫ್ ಕೂರಿಸಿ ಪೊಲೀಸರಿಗೆ ತೋರಿಸಿದ, ಮಾರ್ಚ್‌ನಲ್ಲಿ ಅದನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ತಂದ. ಕೊಡಗಿನಲ್ಲಿ ಅವರಿಗೆ ಕೋವಿಗೆ ಲೈಸೆನ್ಸ್ ಬೇಡ, ಹಿಂದಿನಿಂದ ಬಂದ ವಿನಾಯಿತಿ. ಮಗು ಹುಟ್ಟಿದರೂ ಗುಂಡು ಹಾರಿಸುತ್ತಾರೆ, ಮನುಷ್ಯ ಸತ್ತರೂ ಹಾರಿಸುತ್ತಾರೆ. ಇಲ್ಲಿ ಭಾನುವಾರ ಕ್ಲಬ್ಬಿನ ಬಯಲಿನಲ್ಲಿ ಹಾರುವ ಮಣ್ಣಿನ ತಟ್ಟೆಗಳಿಗೆ ಹೊಡೆಯುತ್ತಾರೆ.

"ಅಕ್ಕ, ನೀವೂ ಬನ್ನಿ," ಎಂದಳು ದೇಚಮ್ಮ.

"ನಂಗೆ ಆ ಶಬ್ದಕ್ಕೆ ತಲೆನೋವು ಬರತ್ತೆ."

"ಸರಿ ಬಿಡಿ. ನೀವು ಕವಿತೆ ಓದ್ಕೊಂಡಿರಿ, ನಾವು ತಟ್ಟೆ ಒಡ್ಕೊಂಡ್ ಬರ್ತೀವಿ."

ಉತ್ತಯ್ಯ ನಕ್ಕ. ನಗುವಂಥ ಮಾತೇನಲ್ಲ ಅದು.

ಆಗಸ್ಟ್ 14, ಬುಧವಾರ

ಸೇಫಿನ ಕೀ ಕೇಳಿದೆ. ಅದರ ಹಿಂದೆ ಧೂಳು ಕೂತಿದೆ, ಒರೆಸುತ್ತೇನೆ ಎಂದೆ. ಅದು ನೆಪ, ಅವನಿಗೂ ಗೊತ್ತು.

"ಕೀ ಕೊಡೋ ಹಾಗಿಲ್ಲ ಜ್ಯೋತಿ. ಸರ್ಟಿಫಿಕೇಟ್ ನನ್ನ ಹೆಸರಲ್ಲಿದೆ. ನಿನ್ ಕೈಗೆ ಕೀ ಹೋದ್ರೆ ಇಬ್ರಿಗೂ ತೊಂದ್ರೆ."

"ಹೆಂಡ್ತಿಗೂ ಕೊಡಬಾರದಾ?"

"ಹೆಂಡ್ತಿಗೇ ಮೊದಲು ಕೊಡಬಾರದು. ಮನೇಲಿರೋಳು ನೀನೇ ತಾನೆ. ಬೇಕಾದ್ರೆ ಓದ್ಕೋ, ಎಲ್ಲ ಬರೆದಿದೆ."

"ದೇಚಮ್ಮ ಮುಟ್ಟಬಹುದು."

"ಅದು ಕ್ಲಬ್ಬಿನ ರೇಂಜಲ್ಲಿ. ನಾನು ಪಕ್ಕದಲ್ಲೇ ಇರ್ತೀನಲ್ಲ. ಅದಕ್ಕೆ ಕಾನೂನು ಬಿಡತ್ತೆ."

ಅವನು ಪಕ್ಕದಲ್ಲೇ ಇರುತ್ತಾನೆ. ಕಾನೂನು ಬಿಡುತ್ತದೆ.

ಸರಿ, ಓದುತ್ತೇನೆ. ಈ ವಯಸ್ಸಿನಲ್ಲಿ ಎರಡನೇ ಎಂ.ಎ. ಯಾಕೆ ಎಂದು ಕೇಳಿದವರಿಗೆಲ್ಲ ಇನ್ನು ಮುಂದೆ ಇದನ್ನೇ ಹೇಳಬಹುದು: ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತು ಕೋವಿಯ ಕಾನೂನು ಓದಲು. ಕುತೂಹಲ, ಅಷ್ಟೆ.

ಆಗಸ್ಟ್ 18, ಭಾನುವಾರ

ತಲೆನೋವು ಬಂದರೆ ಬರಲಿ ಎಂದು ಹೋದೆ. ಕ್ಲಬ್ಬೆಂದರೆ ಒಂದು ಹುಲ್ಲುಗಾವಲು, ಒಂದು ತಗಡಿನ ಕೊಠಡಿ, ಚಹಾದ ಫ್ಲಾಸ್ಕುಗಳು. ಗಾಳಿಗೆ ಎಲ್ಲರ ಮೂಗೂ ಕೆಂಪು.

ದೇಚಮ್ಮನದು ಚಿಕ್ಕ ಮೈ, ಗಿಡ್ಡ ತೋಳು. ಅವಳು ಕೋವಿ ಎತ್ತಿದಾಗ ಉತ್ತಯ್ಯ ಹಿಂದೆ ನಿಂತು, ಮರದ ಹಿಡಿ ಎಲ್ಲಿ ಕೂರಬೇಕೆಂದು ಅವಳ ಭುಜವನ್ನು ಎರಡು ಬೆರಳಿನಿಂದ ಒತ್ತಿ ತೋರಿಸಿದ. ಎರಡೇ ಬೆರಳು. ಟೈಲರ್ ಹಾಗೆ ಮುಟ್ಟುತ್ತಾನೆ, ಡಾಕ್ಟರೂ ಮುಟ್ಟುತ್ತಾರೆ. ಅದರಲ್ಲೇನಿಲ್ಲ.

ಅವಳು ಒಡೆದದ್ದು ಕಡಿಮೆ. ನಾನಿದ್ದೇನೆಂದು ಕನ್ನಡಕ್ಕೆ ಬಂದಳು. ಆ ಸೌಜನ್ಯ ನನಗೆ ಬೇಕಿರಲಿಲ್ಲ.

"ತುದಿ ಭಾರ ಅಣ್ಣ. ನಮ್ಮಜ್ಜನ ತೋಕ್ ಗಿಡ್ಡ ಇತ್ತು. ಹಂದಿ ಹಿಂದೆ ತೋಟದಲ್ಲಿ ನುಗ್ಗೋಕೆ ಆಗಲ್ಲ ಅಂತ ಕಮ್ಮಾರನ ಹತ್ರ ಕತ್ತರಿಸ್ಕೊಂಡಿದ್ರು. ಚಿಕ್ಕವಳಿದ್ದಾಗ್ಲೇ ನಾನು ಎತ್ತಿ ಹೊಡೀತಿದ್ದೆ."

"ಇದನ್ನೂ ಕತ್ತರಿಸಿದ್ರಾಯ್ತು ಬಿಡು. ಮೂವತ್ತು ಇಂಚು ನಮಗ್ಯಾಕೆ? ಟಾಮ್ ಆರಡಿ ಮೇಲಿದ್ದ."

"ನನಗೋಸ್ಕರ ನಿಮ್ಮ ಕೋವಿ ಯಾಕೆ ಹಾಳು ಮಾಡ್ಕೋತೀರಿ?"

"ಹಾಳೇನು, ಹಗುರ ಆಗತ್ತೆ. ಕೈಲ್‌ಪೊಳ್ದ್‌ಗೆ ರೆಡಿ ಮಾಡಿಡ್ತೀನಿ."

ಕೈಲ್‌ಪೊಳ್ದ್ ಅವರ ಆಯುಧಪೂಜೆ, ಸೆಪ್ಟೆಂಬರ್ ಮೂರಕ್ಕೆ ಬರುತ್ತದೆ. ಅಂದು ಕೋವಿಯನ್ನು ದೀಪದ ಮುಂದಿಟ್ಟು ಹೂ ಮುಡಿಸುತ್ತಾರೆ.

ಈ ಮನೆಗೆ ಬಂದಾಗಿನಿಂದ ಅಡುಗೆಮನೆಯ ಮೇಲಿನ ಹಲಗೆ ನನಗೆ ಎಟುಕುವುದಿಲ್ಲ. ಸ್ಟೂಲು ಹತ್ತಿಯೇ ನಾನು ಸಾಸಿವೆ ಡಬ್ಬಿ ತೆಗೆಯುವುದು. ಅದನ್ನು ಇಳಿಸಿಕೊಡಲು ಅವನಿಗೆ ಭಾನುವಾರ ಸಿಕ್ಕಿಲ್ಲ. ಅವಳ ತೋಳಿನ ಅಳತೆಗೆ ಕೋವಿ ಕತ್ತರಿಸಲು ಸಿಗುತ್ತದೆ.

ಆಗಸ್ಟ್ 19, ಸೋಮವಾರ

ಬರೆಯುವಂಥದ್ದೇನಿಲ್ಲ. ಎರಡು ಬೆರಳು.

ಆಗಸ್ಟ್ 22, ಗುರುವಾರ

ಪ್ರಬಂಧದ ಮೂರನೇ ಅಧ್ಯಾಯ ಹಾಗೇ ಬಿದ್ದಿದೆ. ಇಡೀ ದಿನ ಕಾನೂನು ಓದಿದೆ. ಆ ಭಾಷೆ ನನಗೆ ಹಿಡಿಸಿತು. ಅದರಲ್ಲಿ ಅಲಂಕಾರವಿಲ್ಲ, ಒಂದು ಪದ ತೆಗೆದರೆ ಇಡೀ ವಾಕ್ಯ ಬೀಳುತ್ತದೆ. ಕವಿತೆ ಓದಿದವರಿಗೆ ಇದು ಕಷ್ಟವೇನಲ್ಲ. ಪದ ಬಿಡದೆ ಓದುವ ಚಟ ಇದ್ದರೆ ಸಾಕು.

ಕೋವಿಯ ನಳಿಕೆಯನ್ನು ಅರವತ್ತೊಂದು ಸೆಂಟಿಮೀಟರಿಗಿಂತ ಗಿಡ್ಡ ಮಾಡುವುದು ಇಲ್ಲಿ ಅಪರಾಧ. ಸಣ್ಣಪುಟ್ಟ ದಂಡದ ಅಪರಾಧವಲ್ಲ. ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಹತ್ತರವರೆಗೂ ಹೋಗಬಹುದು. ಕೋಟಿನೊಳಗೆ ಬಚ್ಚಿಡಬಹುದಾದ ಕೋವಿ ದರೋಡೆಗೆ ಹೊರಟವರದು ಎಂಬ ಭಯ ಅದರ ಹಿಂದಿದೆ. ಹಂದಿ ಹಿಂದೆ ಓಡಲು ಕತ್ತರಿಸಿದೆ, ತೋಳು ಗಿಡ್ಡವೆಂದು ಕತ್ತರಿಸಿದೆ ಎನ್ನುವವರಿಗೆ ಅಲ್ಲಿ ಜಾಗ ಕಾಣಲಿಲ್ಲ.

ತೋಳು ಗಿಡ್ಡ ಎಂದು ಬರೆಯುವಾಗ ಯಾಕೋ ಹಿತವೆನಿಸಿತು.

ಆಗಸ್ಟ್ 24, ಶನಿವಾರ

ಊಟಕ್ಕೆ ಕೂತಾಗ ಕೇಳಿದೆ.

"ಎಷ್ಟಕ್ಕೆ ಕತ್ತರಿಸ್ತೀಯ?"

"ಇಪ್ಪತ್ನಾಲ್ಕು ಇಂಚಿಗೆ. ಅದಕ್ಕಿಂತ ಕಮ್ಮಿ ಮಾಡೋ ಹಾಗಿಲ್ಲ, ಗೊತ್ತು ನಂಗೆ. ಇಂಗ್ಲೆಂಡಿನೋನು ಒಬ್ಬ ವಿಡಿಯೋದಲ್ಲಿ ಎಲ್ಲ ಬಿಡಿಸಿ ಹೇಳಿದಾನೆ."

"ಇಂಗ್ಲೆಂಡಿನೋನು."

"ಎರಡೂ ಕಡೆ ಒಂದೇ ಇರತ್ತೆ. ನೀನು ಓದ್ತಿದೀಯಲ್ಲ, ನೀನೇ ಹೇಳು."

ಕಾರ್ಖಾನೆಯಲ್ಲಿ ಅವನು ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ಪರೀಕ್ಷಿಸುತ್ತಾನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಪೆಟ್ಟಿಗೆ ಪೆಟ್ಟಿಗೆಯನ್ನೇ ವಾಪಸ್ ಕಳಿಸುತ್ತಾನೆ. ಅಲ್ಲಿ ಎಲ್ಲವೂ ಮಿಲಿಮೀಟರಿನಲ್ಲಿ. ಕೋವಿಯ ಮಾತು ಮಾತ್ರ ಅವನಿಗೆ ಅಜ್ಜನ ಬಾಯಿಂದ ಬಂದದ್ದು, ಹಾಗಾಗಿ ಇಂಚಿನಲ್ಲೇ ಉಳಿದಿದೆ.

ಮನಸ್ಸಿನಲ್ಲೇ ಗುಣಿಸಿದೆ. ಇಪ್ಪತ್ತನಾಲ್ಕು ಇಂಚೆಂದರೆ ಅರವತ್ತು ಪಾಯಿಂಟ್ ಒಂಬತ್ತು ಆರು ಸೆಂಟಿಮೀಟರು. ಅರವತ್ತೊಂದಕ್ಕೆ ಅರ್ಧ ಮಿಲಿಮೀಟರಿನಷ್ಟೂ ಕಡಿಮೆಯಿಲ್ಲ. ಉಗುರಿನ ದಪ್ಪ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಫೋನಿನ ತೆರೆ ಬೆಳಗಿತು. ಅದನ್ನು ಓದಿ ಒಬ್ಬನೇ ನಕ್ಕ.

"ಇನ್ನೊಂಚೂರು ಸಾರು ಹಾಕ್ಲಾ?" ಎಂದೆ.

ಆಗಸ್ಟ್ 25, ಭಾನುವಾರ

ಇವತ್ತು ಶೆಡ್ಡಿನಲ್ಲಿ ಗ್ಯಾಸಿಟ್ಟು ಹಂದಿ ಮಾಂಸ ಬೇಯಿಸಿದರು. ದೇಚಮ್ಮ ಊರಿನಿಂದ ಕಾಚಂಪುಳಿ ತರಿಸಿಕೊಂಡಿದ್ದಾಳೆ, ಆ ಕಪ್ಪು ಹುಳಿ ಇಲ್ಲದೆ ಪಂದಿ ಕರಿಗೆ ರುಚಿಯಿಲ್ಲವಂತೆ. ನನಗಾಗದು ಎಂದು ಮದುವೆಯಾದ ಮೇಲೆ ಉತ್ತಯ್ಯ ಮನೆಗೆ ಮಾಂಸ ತಂದದ್ದೇ ಇಲ್ಲ. ಅವನು ಬಿಟ್ಟುಬಿಟ್ಟಿದ್ದಾನೆಂದು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಬಿಟ್ಟಿರಲಿಲ್ಲ, ಕಾದಿದ್ದ.

ಕಿಟಕಿ ಮುಚ್ಚಿದೆ. ವಾಸನೆ ಕೆಟ್ಟದಾಗೇನೂ ಇರಲಿಲ್ಲ. ಅದಕ್ಕೇ ಮುಚ್ಚಿದೆ.

ಆಗಸ್ಟ್ 28, ಬುಧವಾರ

ಬೇಲಿಯ ಹತ್ತಿರ ನೋರೀನ್ ಸಿಕ್ಕಿದಳು. ಎಪ್ಪತ್ತರ ಹತ್ತಿರವಿದ್ದರೂ ಗಟ್ಟಿಗಿತ್ತಿ, ಮನಸ್ಸಿನಲ್ಲಿದ್ದದ್ದನ್ನು ನೇರ ಆಡಿಬಿಡುವವಳು.

"ಆ ಪುಟ್ಟ ನರ್ಸ್ ಗ್ರ್ಯಾಂಡ್ ಹುಡುಗಿ ಕಣೇ," ಎಂದಳು. "ಅವಳು ಬಂದಾಗ ನಿನ್ನ ಗಂಡನಿಗೆ ಹತ್ತು ವರ್ಷ ಇಳಿದ ಹಾಗೆ ಕಾಣುತ್ತೆ. ಟಾಮ್ ಕೋವಿಗೂ ಒಳ್ಳೆ ಕಾಲ ಬಂತು."

"ಹೌದು," ಎಂದೆ.

"ನಿನಗೆ ಬೇಜಾರಿಲ್ಲ ತಾನೆ?"

"ಬೇಜಾರ್ಯಾಕೆ? ಅವಳು ಅವನಿಗೆ ತಂಗಿ ಇದ್ದ ಹಾಗೆ."

"ಹಾಗಾದರೆ ಸರಿ," ಎಂದು ನೋರೀನ್ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ಯೋಚಿಸಿದ್ದೇನೆ. ಗಾರ್ಡಾದವರು ಸೇಫ್ ನೋಡಲು ಯಾವಾಗಲಾದರೂ ಬರಬಹುದು. ಅಳತೆ ಕಡಿಮೆಯೆಂದು ಕಂಡರೆ ಕೋವಿ ಒಯ್ಯುತ್ತಾರೆ. ಒಯ್ದರೆ ಕ್ಲಬ್ಬಿಲ್ಲ, ಭಾನುವಾರವಿಲ್ಲ, ಸ್ಲೈಗೋದಿಂದ ಯಾರೂ ಬರಬೇಕಿಲ್ಲ. ಐದು ವರ್ಷ ಎನ್ನುವುದೆಲ್ಲ ದರೋಡೆಕೋರರಿಗೆ. ಉಗುರಿನ ದಪ್ಪಕ್ಕೆ ಯಾರೂ ಒಬ್ಬ ಮರ್ಯಾದಸ್ಥನನ್ನು ಒಳಗೆ ಹಾಕುವುದಿಲ್ಲ. ನಮ್ಮ ಪೌರತ್ವದ ಅರ್ಜಿ ಇನ್ನೂ ಬಾಕಿಯಿದೆ, ನಿಜ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವವರು ಯಾರು?

ಇದರಲ್ಲಿ ನಾನು ಮಾಡುವುದು ಏನೂ ಇಲ್ಲ. ಅವನೇ ಅಳೆಯುತ್ತಾನೆ, ಅವನೇ ಕತ್ತರಿಸುತ್ತಾನೆ.

ಆಗಸ್ಟ್ 31, ಶನಿವಾರ

"ಜ್ಯೋತಿ, ಒಂದ್ನಿಮಿಷ ಬಾ. ಟೇಪ್ ಹಿಡ್ಕೋ."

ಅವನು ನನ್ನನ್ನು ಶೆಡ್ಡಿಗೆ ಕರೆದದ್ದು ಇದೇ ಮೊದಲು. ನಳಿಕೆಯನ್ನು ಬಿಚ್ಚಿ ಮೇಜಿನ ಮೇಲೆ ಬಿಗಿದಿದ್ದ. ಎಣ್ಣೆಯ ವಾಸನೆ. ತೋಟಾ ಕೂರುವ ಕಡೆಯ ಅಂಚಿಗೆ ಟೇಪಿನ ಕೊಕ್ಕೆ ಒತ್ತಿ ಹಿಡಿದೆ. ಅವನು ಆ ತುದಿಯಲ್ಲಿ ಬಗ್ಗಿ ಗುರುತು ಹಾಕಿದ. ನಮ್ಮಿಬ್ಬರ ನಡುವೆ ಹಳದಿ ಪಟ್ಟಿ ಬಿಗಿಯಾಗಿ ನಿಂತಿತ್ತು. ಅವನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ನೋಡಿಯೇ ಇರಲಿಲ್ಲ. ಮುಟ್ಟಬೇಕೆನಿಸಿತು.

"ಇಪ್ಪತ್ನಾಲ್ಕಕ್ಕೆ ಹಾಕಿದೀನಿ. ಸರಿ ಇದ್ಯಾ ನೋಡು. ನೀನು ಎಲ್ಲ ಓದಿದೀಯ, ನೀನು ಹೂಂ ಅಂದ್ರೆ ನಂಗೆ ಧೈರ್ಯ."

ಹೋಗಿ ನೋಡಿದೆ. ಟೇಪಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು. ಅರವತ್ತೊಂದರ ಗೆರೆ ಅವನ ಗುರುತಿನಿಂದ ಆಚೆಗಿತ್ತು, ಕಣ್ಣಿಟ್ಟು ನೋಡಿದರಷ್ಟೇ ಕಾಣುವಂತೆ. ನಾನು ಕಣ್ಣಿಟ್ಟು ನೋಡಿದೆ.

ಅವನು ತನ್ನಷ್ಟಕ್ಕೆ, "ದೇಚುಗೆ ಇನ್ಮೇಲೆ ಆರಾಮಾಗತ್ತೆ," ಎಂದ.

ದೇಚು.

"ಸರಿಯಾಗಿದೆ," ಎಂದೆ.

ಗರಗಸದ ಸದ್ದಿಗೆ ತಲೆನೋವು ಬರಲಿಲ್ಲ. ಕತ್ತರಿಸಿದ ಮೇಲೆ ಅರ ಹಾಕಿ ಅಂಚನ್ನು ನುಣುಪು ಮಾಡಿದ. ಕಬ್ಬಿಣದ ಪುಡಿ ಇನ್ನೂ ಒಂದಿಷ್ಟು ಉದುರಿತು.

ಸೆಪ್ಟೆಂಬರ್ 1, ಭಾನುವಾರ

ಚೆನ್ನಾಗಿ ನಿದ್ದೆ ಬಂತು. ದೇಚಮ್ಮನಿಗೆ ಡ್ಯೂಟಿ, ಬರಲಿಲ್ಲ. ಉತ್ತಯ್ಯನೂ ಕ್ಲಬ್ಬಿಗೆ ಹೋಗಲಿಲ್ಲ. ಇಬ್ಬರೂ ಶ್ಯಾನನ್ ನದಿಯ ದಂಡೆಯಲ್ಲಿ ನಡೆದಾಡಿದೆವು. ನನ್ನ ಪ್ರಬಂಧ ಎಲ್ಲಿಗೆ ಬಂತೆಂದು ಕೇಳಿದ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ.

ಮನೆಗೆ ಬಂದು ನಾನು ಸ್ನಾನ ಮುಗಿಸುವಷ್ಟರಲ್ಲಿ ಅಡುಗೆಮನೆಯ ಹಲಗೆ ಕೆಳಗಿಳಿದಿತ್ತು. ಸಾಸಿವೆ, ಮೆಂತ್ಯ, ಇಂಗು ಎಲ್ಲ ನನ್ನ ಎದೆಯ ಮಟ್ಟಕ್ಕೆ. ನಾನು ಕೇಳಿರಲಿಲ್ಲ.

"ಗರಗಸ ಹೇಗಿದ್ರೂ ಹೊರಗಿತ್ತು," ಎಂದ.

ಹೇಳಿಬಿಡಲೇ ಎಂದುಕೊಂಡೆ. ಆದರೆ ಇವತ್ತು ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ನಾಳೆಯವರೆಗೆ ನೋಡೋಣ.

ಸೆಪ್ಟೆಂಬರ್ 3, ಮಂಗಳವಾರ

ಬೇಗ ಬರೆದು ಮುಗಿಸುತ್ತೇನೆ.

ದೇಚಮ್ಮ ಸಂಜೆ ಬಂದಳು, ಕೊಡವ ಸೀರೆ ಉಟ್ಟು, ನೆರಿಗೆ ಹಿಂದಕ್ಕೆ ಕಟ್ಟಿಕೊಂಡು. ದೀಪ ಹಚ್ಚಿದಳು. ಉತ್ತಯ್ಯ ಕೋವಿ ತಂದು ಚಾಪೆಯ ಮೇಲಿಟ್ಟ. ಅವಳು ಗಂಧ ಹಚ್ಚಲು ಬಗ್ಗಿದವಳು ತುದಿ ನೋಡಿ ನಿಂತಳು.

"ಇಷ್ಟು ಗಿಡ್ಡ ಮಾಡಿಬಿಟ್ರಾ? ಎಷ್ಟಿದೆ ಈಗ?"

"ಇಪ್ಪತ್ನಾಲ್ಕು ಇಂಚು, ಕರೆಕ್ಟಾಗಿ. ಎತ್ತಿ ನೋಡು."

ಅವಳು ಮುಟ್ಟಲಿಲ್ಲ. "ಅಣ್ಣ, ಇಲ್ಲಿ ಇಂಚಿನ ಲೆಕ್ಕ ಇಲ್ಲ. ಅರವತ್ತೊಂದು ಸೆಂಟಿಮೀಟರ್. ನಾನೂ ಅರ್ಜಿ ಹಾಕೋಣ ಅಂತ ಹೋದ ವಾರ ಸ್ಟೇಷನ್ನಲ್ಲಿ ವಿಚಾರಿಸಿದೆ, ಅವರು ಒತ್ತಿ ಹೇಳಿದ್ರು."

"ಎರಡೂ ಒಂದೇ ಅಲ್ವೇನೇ?"

"ಅಳೀರಿ."

ಕೆಲಸಕ್ಕೆ ಒಯ್ಯುವ ಚೀಲದಿಂದ ಉಕ್ಕಿನ ಅಳತೆಪಟ್ಟಿ ತಂದ. ಎರಡು ಸಲ ಅಳೆದ. ಕಾರ್ಖಾನೆಯಲ್ಲಿ ಹೇಳುವಂತೆ ಮಿಲಿಮೀಟರಿನಲ್ಲಿ ಹೇಳಿದ. "ಆರುನೂರ ಒಂಬತ್ತು." ಅರ ಹಾಕಿದ್ದರಲ್ಲಿ ಇನ್ನಷ್ಟು ಹೋಗಿತ್ತು.

"ಅಕ್ಕ ಎಲ್ಲ ಓದಿದಾರೆ, ಅಕ್ಕನೇ ಟೇಪ್ ನೋಡಿದ್ರು ಅಂದಿದ್ರಲ್ಲ ಫೋನಲ್ಲಿ?" ಎಂದಳು ದೇಚಮ್ಮ. ಅವಳ ಮಾತಿನಲ್ಲಿ ಆರೋಪವಿರಲಿಲ್ಲ, ಬರೀ ಗೊಂದಲ.

ಉತ್ತಯ್ಯ ನನ್ನನ್ನು ನೋಡಿದ. ನಾನು ದೀಪದ ಬತ್ತಿ ಸರಿಮಾಡಿದೆ.

"ಜ್ಯೋತಿ ಕವಿತೆ ಓದೋಳು," ಎಂದ ಅವಳಿಗೆ. "ಲೆಕ್ಕ ಅವಳಿಗೆ ಬರಲ್ಲ."

ನಮ್ಮ ಮನೆಯ ತೆರಿಗೆ ಲೆಕ್ಕ ಪ್ರತಿ ವರ್ಷ ನಾನೇ ಮಾಡುವುದು.

ದೇಚಮ್ಮ ಅಳತೊಡಗಿದಳು. ಎಲ್ಲ ತನ್ನ ತೋಳಿನಿಂದ ಆಯಿತು ಎಂದಳು. ಬೆಳಗಾಗುತ್ತಲೇ ನೀವೇ ಗಾರ್ಡಾಗೆ ಫೋನ್ ಮಾಡಿ ಹೇಳಿ ಅಣ್ಣ, ಅವರಾಗಿ ಕಂಡುಹಿಡಿದರೆ ಬೇರೆ ಥರ ಆಗುತ್ತದೆ ಎಂದಳು. ಊಟ ಮಾಡದೆ ಹೊರಟಳು. ಅತ್ತು ಮೂಗು ಕೆಂಪಾದರೂ ಚೆನ್ನಾಗಿಯೇ ಕಾಣುತ್ತಾಳೆ.

ಅವಳು ಹೋದ ಮೇಲೆ ಉತ್ತಯ್ಯ ಏನಾದರೂ ಕೇಳುತ್ತಾನೆಂದು ಕಾದೆ. ಕೋವಿ ಸೇಫಿಗಿಟ್ಟು ಬಂದು ಪಾತ್ರೆ ತೊಳೆದ.

ಸೆಪ್ಟೆಂಬರ್ 4, ಬುಧವಾರ

ಬೆಳಿಗ್ಗೆ ಅವನೇ ಫೋನ್ ಮಾಡಿದ. ಗಾರ್ಡಾದವರಿಬ್ಬರು ಬಂದು ಕೋವಿಯನ್ನೂ ಕತ್ತರಿಸಿದ ತುಂಡನ್ನೂ ಚೀಲಕ್ಕೆ ಹಾಕಿಕೊಂಡರು. ಒರಟಾಗಿ ಮಾತಾಡಲಿಲ್ಲ. ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡಬೇಕೆಂದರು. ನಾನು ಕಾರಿನ ಕೀ ತೆಗೆದುಕೊಂಡೆ.

"ನೀನು ಬೇಡ," ಎಂದ.

ನೋರೀನ್ ಕರೆದುಕೊಂಡು ಹೋದಳು. ಕೋವಿ ಮೊದಲು ಟಾಮ್‌ನದಾಗಿದ್ದರಿಂದ ಅವಳ ಮಾತೂ ಬೇಕಂತೆ. ಮಧ್ಯಾಹ್ನ ದೇಚಮ್ಮನ ಫೋನ್ ನಾಲ್ಕಾರು ಸಲ ಬಂತು. ತೆಗೆಯಲಿಲ್ಲ. ಸ್ಟೇಷನ್ನಿನಲ್ಲಾದದ್ದನ್ನು ಅವನು ಅವಳಿಗೇ ಮೊದಲು ಹೇಳಿರುತ್ತಾನೆ ಎಂದುಕೊಂಡೆ. ಇಂಥ ದಿನದಲ್ಲೂ ನನಗೆ ಬಂದ ಯೋಚನೆ ಇದು.

ಸಂಜೆ ಬಾಗಿಲು ತಟ್ಟಿದ್ದು ನೋರೀನ್, ಒಬ್ಬಳೇ. ಒಳಗೆ ಬಾ ಎಂದರೂ ಬರಲಿಲ್ಲ. ಉತ್ತಯ್ಯ ಸಹಿ ಹಾಕುವುದು ಬಾಕಿಯಿದೆ, ಸಾರ್ಜೆಂಟ್ ಅವನನ್ನು ಮನೆಗೆ ಬಿಡುತ್ತಾನೆ ಎಂದಳು. ಫೈಲು ಡಬ್ಲಿನ್‌ಗೆ ಹೋಗುತ್ತದಂತೆ. ಕೇಸು ಹಾಕಬೇಕೋ ಬೇಡವೋ ಅಲ್ಲಿ ತೀರ್ಮಾನ. ತಿಂಗಳುಗಳೇ ಹಿಡಿಯಬಹುದು.

"ಅವನು ಏನು ಹೇಳಿದ?" ಎಂದು ಕೇಳಿದೆ.

"ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ ಅಂದ. ಅಳೆದಿದ್ದೂ ನಾನೇ, ಕತ್ತರಿಸಿದ್ದೂ ನಾನೇ, ಹೆಂಡತಿ ಅವತ್ತು ಮನೆಯಲ್ಲೇ ಇರಲಿಲ್ಲ ಅಂದ. ಅದನ್ನು ಬರೆಸಿ, ಇನ್ನೊಂದು ಸಲ ಓದಿಸಿ ಕೇಳಿದ." ನೋರೀನ್ ಕೋಟಿನ ಗುಂಡಿ ಹಾಕಿಕೊಂಡಳು. "ಅವತ್ತು ನಾನು ಹೊರಗೆ ಬಟ್ಟೆ ಒಣಹಾಕ್ತಾ ಇದ್ದೆ. ಶೆಡ್ಡಿನ ಬಾಗಿಲು ತೆರೆದೇ ಇತ್ತು. ನೀನು ಬಗ್ಗಿ ಟೇಪ್ ನೋಡಿದ್ದು ಕಂಡೆ. ಸಾರ್ಜೆಂಟ್ ನನ್ನನ್ನೂ ಕೇಳಿದ, ಜೊತೆಗೆ ಯಾರಾದರೂ ಇದ್ದರಾ ಅಂತ. ಯಾರನ್ನೂ ನೋಡಲಿಲ್ಲ ಅಂದೆ. ನಿನಗೋಸ್ಕರ ಹೇಳಿದ್ದಲ್ಲ, ತಿಳ್ಕೋ."